ಜುಲು ಹಾಡಿನಲ್ಲಿ ಡ್ರಮ್ ಎಲ್ಲಿ?

ಪ್ರಶ್ನೆ: ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ಕೇಳಿದೆ. ಚೆನ್ನಾಗಿದೆ. ಆದರೆ ಡ್ರಮ್ಮೇ ಇಲ್ಲವಲ್ಲ, ಇದು ನಿಜವಾದ ಆಫ್ರಿಕನ್ ಸಂಗೀತ ಹೌದಾ?

ಉತ್ತರ: ಹೌದು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ! ಇರಲಿ, ಇನ್ನೊಂದು ಸಲ.

ನೀವು ಕೇಳಿದ್ದು ಇಸಿಕಾತಮಿಯಾ. ದಕ್ಷಿಣ ಆಫ್ರಿಕಾದ ಜುಲು ಗಂಡಸರು ಗುಂಪಾಗಿ ಹಾಡುವ ಹಾಡು. ಮುಂದಾಳು ಸಾಲು ಎತ್ತುತ್ತಾನೆ, ಉಳಿದವರು ಹಿಡಿಯುತ್ತಾರೆ. ದಪ್ಪ ದನಿಯವರೇ ಜಾಸ್ತಿ. ವಾದ್ಯ ಇಲ್ಲ, ಬೇಕೂ ಇಲ್ಲ. ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ಅಂದರೆ ಜೋಸೆಫ್ ಶಬಲಾಲ 1960ರ ಸುಮಾರಿಗೆ ಕಟ್ಟಿದ ತಂಡ. 1986ರಲ್ಲಿ ಅಮೆರಿಕದ ಗಾಯಕ ಪಾಲ್ ಸೈಮನ್ ಜೊತೆ ಹಾಡಿದ ಮೇಲೆ ಜಗತ್ತೆಲ್ಲ ಕೇಳಿತು.

ಈಗ ಡ್ರಮ್ ವಿಷಯ. ಆಫ್ರಿಕಾದಲ್ಲಿ 54 ದೇಶಗಳಿವೆ. ಘಾನಾದಲ್ಲೋ ಸೆನೆಗಲ್‌ನಲ್ಲೋ ಡ್ರಮ್‌ಗೆ ದೊಡ್ಡ ಜಾಗ ಇದೆ, ಒಪ್ಪಿದೆ. ಹಾಗಂತ ಸಾವಿರಾರು ಮೈಲಿ ದೂರದ ಜುಲು ಜನರೂ ಅದನ್ನೇ ಬಡಿಯಬೇಕಾ? ಅವರ ಹಳೆಯ ಸಂಗೀತ ನಿಂತಿರುವುದೇ ದನಿಯ ಮೇಲೆ. ತಾಳಕ್ಕೆ ಚಪ್ಪಾಳೆ ಇದೆ, ನೆಲಕ್ಕೆ ಒದೆಯುವ ಕಾಲಿದೆ. ವಾದ್ಯವೇ ಬೇಕು ಅಂದರೆ ಉಗುಭು ಇದೆ: ಬಿಲ್ಲಿಗೆ ಒಂದೇ ತಂತಿ, ಕೆಳಗೆ ಒಂದು ಸೋರೆ ಬುರುಡೆ. ಜುಲು ರಾಜಮನೆತನದ ರಾಜಕುಮಾರಿ ಮಗೊಗೊ (1900–1984) ಅದನ್ನು ನುಡಿಸುತ್ತಾ ಹಾಡಿದ್ದರ ಧ್ವನಿಮುದ್ರಣ ಇದೆ. ಕೇಳಿ, ಆಮೇಲೆ ಡ್ರಮ್ ಮಾತಾಡೋಣ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಬಾಣ ಬರುತ್ತದೆ: ‘ಹಾಗಾದರೆ ಇದು ಮಿಷನರಿಗಳು ಕಲಿಸಿದ ಹಾಡು, ಆಫ್ರಿಕಾದ್ದಲ್ಲ ಬಿಡಿ.’ ಚರ್ಚಿನ ಹಾಡುಗಳಿಂದ ಬಂದದ್ದು ಇದರಲ್ಲಿದೆ. 1890ರಲ್ಲಿ ಅಲ್ಲಿಗೆ ಬಂದ ಅಮೆರಿಕದ ಕಪ್ಪು ಗಾಯಕ ಆರ್ಫಿಯಸ್ ಮೆಕಡೂ ತಂಡದ ಪ್ರಭಾವವೂ ಇದೆ. ಅದಕ್ಕೇನೀಗ? ಪಿಟೀಲು ಯುರೋಪಿನಿಂದ ಬಂತು ಅಂತ ನಮ್ಮ ಕರ್ನಾಟಕ ಸಂಗೀತ ಸುಳ್ಳಾಯಿತಾ? ಇಸಿಕಾತಮಿಯಾ ಬೆಳೆದದ್ದು ಗಣಿ ಮತ್ತು ಕಾರ್ಖಾನೆ ಕೆಲಸಕ್ಕೆ ಊರು ಬಿಟ್ಟು ಬಂದವರ ಹಾಸ್ಟೆಲ್‌ಗಳಲ್ಲಿ. ಶನಿವಾರ ರಾತ್ರಿ ಶುರುವಾದ ಸ್ಪರ್ಧೆ ಭಾನುವಾರ ಬೆಳಗಿನವರೆಗೂ ನಡೆಯುತ್ತಿತ್ತು. ಎಲ್ಲರಿಗೂ ಒಂದೇ ಥರದ ಸೂಟು, ಮಿರಿಮಿರಿ ಬೂಟು. ತೀರ್ಪುಗಾರನಾಗಿ ತಂಡಗಳ ಪರಿಚಯವೇ ಇಲ್ಲದ ಯಾರನ್ನಾದರೂ ಬೀದಿಯಿಂದ ಕರೆತರುವುದೂ ಇತ್ತು. ಪಕ್ಷಪಾತ ಬೇಡ ಅಂತ!

ಇದರಲ್ಲಿ ಹೆಂಗಸರು ಯಾಕಿಲ್ಲ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಆ ಹಾಸ್ಟೆಲ್‌ಗಳು ಗಂಡಸರಿಗಷ್ಟೇ. ಹೆಂಡತಿ ಮಕ್ಕಳನ್ನು ಕರೆತರಲು ಕಾನೂನು ಬಿಡುತ್ತಿರಲಿಲ್ಲ. ಹೆಂಗಸರ ಹಾಡು ಬೇಕಾದರೆ ಅದೇ ದೇಶದ ಈಸ್ಟರ್ನ್ ಕೇಪ್ ಪ್ರಾಂತ್ಯದ ಙೊಕೊ ಹಳ್ಳಿಯ, ಷೋಸಾ ಜನಾಂಗದ ಗಾಯಕಿ ನೊಫಿನಿಶಿ ಡಿವಿಲಿಯನ್ನು ಕೇಳಿ. ಅಲ್ಲಿನ ಹೆಂಗಸರು ಗಂಟಲಲ್ಲಿ ಗೊರಗೊರ ಅನ್ನುವ ಒಂದು ಸ್ವರ ಹಿಡಿದು, ಬಾಯಿಯ ಆಕಾರ ಬದಲಿಸುತ್ತಾ ಮೇಲೆ ಇನ್ನೊಂದು ಸ್ವರ ಕೇಳಿಸುತ್ತಾರೆ. ಇಬ್ಬರು ಹಾಡ್ತಿದ್ದಾರಾ ಅಂತ ದಯವಿಟ್ಟು ಪತ್ರ ಬರೆಯಬೇಡಿ. ಒಬ್ಬರೇ.