ಟೈ ರಾಡ್ ಎಂಡ್: ಸ್ಟೀರಿಂಗಿನ ಕೀಲು

ಸ್ಟೀರಿಂಗ್ ಚಕ್ರವನ್ನು ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು ಆಡಿಸಿದರೂ ಮುಂದಿನ ಗಾಲಿಗಳು ಮಿಸುಕುವುದಿಲ್ಲ. ಹಳೆಯ ಕಾರು ಇಟ್ಟುಕೊಂಡವರಿಗೆಲ್ಲ ಪರಿಚಿತವಾದ ಈ ರೋಗಕ್ಕೆ ಮೆಕ್ಯಾನಿಕ್‌ಗಳು ಕೊಟ್ಟ ಹೆಸರು ‘ಪ್ಲೇ’. ಕೇಳಿದ ಕೂಡಲೇ ಹಲವರು ಸ್ಟೀರಿಂಗ್ ಬಾಕ್ಸಿನ (ಸ್ಟೀರಿಂಗ್ ಚಕ್ರದ ತಿರುವನ್ನು ಗಾಲಿಗಳ ಕಡೆಗೆ ದಾಟಿಸುವ ಗೇರು ಪೆಟ್ಟಿಗೆಯ) ಮೇಲಿನ ಸ್ಕ್ರೂ ಬಿಗಿ ಮಾಡಲು ಹೊರಡುತ್ತಾರೆ. ಸವೆದದ್ದು ಟೈ ರಾಡ್ ಎಂಡ್ ಆಗಿದ್ದರೆ ಬಾಕ್ಸ್ ಬಿಗಿಯಾಗಿ ಅದೂ ಹಾಳಾಗುತ್ತದೆ, ಪ್ಲೇ ಮಾತ್ರ ಹಾಗೆಯೇ ಉಳಿಯುತ್ತದೆ.

ಟೈ ರಾಡ್ ಎಂದರೆ ಎರಡು ಮುಂಗಾಲಿಗಳ ಸ್ಟೀರಿಂಗ್ ತೋಳುಗಳನ್ನು ಜೋಡಿಸುವ ಸರಳು. ಅದರ ತುದಿಗೆ ಮರೆಯಿಂದ (ಸ್ಕ್ರೂವಿನಲ್ಲಿರುವಂಥ ಸುರುಳಿ ಗೀರಿನಿಂದ) ತಿರುಗಿಸಿ ಕೂರಿಸಿದ ಕೀಲೇ ‘ಎಂಡ್’. ರಚನೆ ನಮ್ಮ ಭುಜದ ಕೀಲಿನದೇ: ಬಟ್ಟಲಿನೊಳಗೆ ಒಂದು ಉಕ್ಕಿನ ಗುಂಡು, ಗುಂಡಿನಿಂದ ಹೊರಟ ಒಂದು ಕಡ್ಡಿ, ಮೇಲೆ ಗ್ರೀಸ್ ಕಾಯುವ ರಬ್ಬರ್ ಟೋಪಿ. ಟೋಪಿ ಹರಿದರೆ ಧೂಳು ಒಳಗಿಳಿದು ಗ್ರೀಸಿನೊಂದಿಗೆ ಕಲೆಯುತ್ತದೆ. ಆಮೇಲೆ ಅದು ಗ್ರೀಸಲ್ಲ, ಅರೆಯುವ ಹಿಟ್ಟು. ಬಿಚ್ಚಿ ನೋಡಿದರೆ ಗುಂಡು ಗುಂಡಗಿರುವುದಿಲ್ಲ, ಒಂದು ಮಗ್ಗುಲು ಚಪ್ಪಟೆಯಾಗಿರುತ್ತದೆ.

ಪರೀಕ್ಷೆ ಸುಲಭ. ಗಾಲಿಗಳು ನೆಲದ ಮೇಲೇ ಇರಲಿ. ಒಬ್ಬರು ಸ್ಟೀರಿಂಗನ್ನು ಸ್ವಲ್ಪವೇ ಆಚೀಚೆ ಆಡಿಸುತ್ತಿದ್ದರೆ ಇನ್ನೊಬ್ಬರು ಕೀಲಿನ ಮೇಲೆ ಅಂಗೈ ಇಡಬೇಕು. ಸವೆದ ಕೀಲು ಕಣ್ಣಿಗೆ ಕಾಣುವ ಮೊದಲೇ ಕೈಗೆ ‘ಟಕ್’ ಎಂದು ತಿಳಿಸುತ್ತದೆ.

ಬದಲಿಸುವಾಗ ಬೆವರಿಳಿಸುವುದು ಆ ಕಡ್ಡಿ. ಅದು ನೇರವಾಗಿಲ್ಲ, ಒಂದು ತುದಿಗೆ ಕಿರಿದಾಗುತ್ತ ಹೋಗುತ್ತದೆ, ಇದೇ ಟೇಪರ್. ತೋಳಿನ ತೂತೂ ಅದೇ ಓರೆಯಲ್ಲಿ ಕೊರೆದದ್ದು. ಹಿಡಿತವೆಲ್ಲ ಈ ಎರಡು ಓರೆಗಳದ್ದು, ನಟ್ಟಿನ ಕೆಲಸ ಅವನ್ನು ಒತ್ತಿಹಿಡಿಯುವುದಷ್ಟೇ. ಹೀಗಾಗಿ ನಟ್ ತೆಗೆದರೂ ಕಡ್ಡಿ ಜಗ್ಗುವುದಿಲ್ಲ. ಸಿಟ್ಟಿಗೆದ್ದು ಕಡ್ಡಿಯ ತುದಿಗೆ ಸುತ್ತಿಗೆಯಿಂದ ಬಡಿದರೆ ಮರೆ ಕೆಡುತ್ತದೆ. ಕಡ್ಡಿಯನ್ನು ಒತ್ತಿ ಬಿಡಿಸುವ ಸಲಕರಣೆ, ಪುಲ್ಲರ್, ಹಾಕಬೇಕು. ಇಲ್ಲವೇ ತೋಳಿನ ಕಣ್ಣಿಗೆ, ಎಂದರೆ ತೂತಿರುವ ತುದಿಗೆ, ಒಂದು ಬದಿಯಿಂದ ಭಾರದ ಸುತ್ತಿಗೆ ಆನಿಸಿ ಇನ್ನೊಂದು ಬದಿಯಿಂದ ಚುರುಕಾಗಿ ಹೊಡೆಯಬೇಕು. ಆ ಅದುರಿಗೆ ಓರೆಯ ಹಿಡಿತ ಬಿಡುತ್ತದೆ.

ಸಾಮಾನ್ಯವಾಗಿ ಸರಳಿನ ಒಂದು ತುದಿಯದು ಬಲಮರೆ, ಇನ್ನೊಂದರದು ಎಡಮರೆ, ಎಂದರೆ ಉಲ್ಟಾ ತಿರುಗಿಸಿ ಬಿಗಿಯುವಂಥದು. ಸರಳನ್ನು ತಿರುಗಿಸಿಯೇ ಅದರ ಉದ್ದ ಹೊಂದಿಸಲಿ ಎಂಬ ಜಾಣತನ ಇದು. ಗೊತ್ತಿಲ್ಲದವರು ಎಡಮರೆಯನ್ನು ಬಿಚ್ಚುತ್ತಿದ್ದೇವೆಂದು ಬಿಗಿ ಮಾಡುತ್ತ ಕೂರುತ್ತಾರೆ. ಹಳೆಯ ಎಂಡ್ ಎಷ್ಟು ಸುತ್ತು ತಿರುಗಿಸಿದಾಗ ಹೊರಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಒಳಗೆ ಕಳಿಸುವುದು ವಾಡಿಕೆ. ಆದರೂ ಅದು ಅಂದಾಜೇ. ಗಾಲಿಗಳ ಟೋ (ಅವು ಮುಂದಕ್ಕೆ ಒಳಮುಖವೋ ಹೊರಮುಖವೋ ಎಷ್ಟು ತಿರುಗಿವೆ ಎಂಬುದು) ಅಳೆದು ಸರಿಪಡಿಸದಿದ್ದರೆ ಟೈರು ಅಂಚಿನಲ್ಲಿ ಸವೆಯುತ್ತದೆ.

ತುಂಬ ಹಳೆಯ ಕಾರಿಗೆ ತಕ್ಕ ಎಂಡ್ ಸಿಗದೆ ಬೇರೆ ಕಾರಿನದನ್ನು ಹಾಕುವವರು ಮರೆ ಹೊಂದಿತೆಂದು ನೆಮ್ಮದಿಯಾಗಬಾರದು. ಓರೆ ಒಂದಿಷ್ಟು ಬೇರೆಯಾದರೂ ಕಡ್ಡಿ ತೂತಿನ ಒಂದು ಅಂಚಿನಲ್ಲಿ ಮಾತ್ರ ಆನಿಕೊಂಡಿರುತ್ತದೆ. ಕಡ್ಡಿಗೆ ತೆಳುವಾಗಿ ನೀಲಿ ಬಣ್ಣ ಸವರಿ, ತೂತಿಗೆ ತೂರಿಸಿ, ತಿರುಗಿಸಿ ತೆಗೆಯಿರಿ. ಬಣ್ಣ ಕಡ್ಡಿಯ ಉದ್ದಕ್ಕೂ ಒರೆಸಿಹೋಗಿದ್ದರೆ ಸರಿ. ಒಂದೇ ಉಂಗುರದಷ್ಟು ಹೋಗಿದ್ದರೆ ಆ ಎಂಡ್ ನಿಮ್ಮ ಕಾರಿನದಲ್ಲ.

ಕೊನೆಗೆ ನಟ್ಟಿನ ಸೀಳು ಮತ್ತು ಕಡ್ಡಿಯ ತೂತು ಒಂದಕ್ಕೊಂದು ಕೂಡದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಕೂಡಿಸಬೇಕು, ಸಡಿಲಿಸಿ ಅಲ್ಲ. ಆ ಸೀಳು, ತೂತುಗಳಲ್ಲಿ ತೂರಿಸಿ ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದೇ ಇರಲಿ.