‘ರಜೆ ಮುಗೀಲಿ’ ಅನ್ನುವ ತಾಯಂದಿರಿಗೆ

ಮಾರ್ಚ್ ಮುಗಿಯುತ್ತಾ ಬಂತು ಅಂದರೆ ಕುಮಟಾದ ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಒಂದೇ ಮಾತು ಕೇಳಿ ಕೇಳಿ ಸಾಕಾಗುತ್ತದೆ. “ಮಕ್ಕಳಿಗೆ ರಜೆ ಬಂತು ಮೇಡಂ. ರಜೆ ಮುಗೀಲಿ, ಆಮೇಲೆ ಬರ್ತೇನೆ.”

ಹೇಳುವವರು ಹೆಚ್ಚಿನಂಶ ತಾಯಂದಿರು. ಮೊಣಕಾಲು ನೋವಿನವರು, ಸೊಂಟ ನೋವಿನವರು, ಭುಜ ಹಿಡಿದುಕೊಂಡವರು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿ ಆಗಷ್ಟೇ ಒಂದು ಹದಕ್ಕೆ ಬಂದಿರುತ್ತಾರೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ಬಿಟ್ಟಿರುತ್ತಾರೆ. ಅಲ್ಲಿಗೆ ಎಲ್ಲ ನಿಂತುಹೋಗುತ್ತದೆ. ಜೂನ್‌ನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಿ, ಮನೆ ಒಂದು ಹಂತಕ್ಕೆ ತಂದು ವಾಪಸ್ ಬರುವ ಹೊತ್ತಿಗೆ ಮತ್ತೆ ಗೋಡೆ ಹಿಡಿದೇ ಬರುತ್ತಾರೆ. ನೋಡಿದರೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಆ ಬಲ ಗಳಿಸಲು ಅವರು ಎಷ್ಟು ಕಷ್ಟಪಟ್ಟಿದ್ದರು ಅಂತ ಪಕ್ಕದಲ್ಲೇ ನಿಂತು ನೋಡಿದವಳು ನಾನು.

ಅಷ್ಟಕ್ಕೂ ನಮ್ಮ ಜಿಲ್ಲೆಯಲ್ಲಿ ರಜೆ ಮುಗಿಯುವುದು ಯಾವಾಗ? ಎಪ್ರಿಲ್, ಮೇ ಅಂದರೆ ಬೆಂಗಳೂರು, ಹುಬ್ಬಳ್ಳಿ, ಪುಣೆಯಿಂದ ಬರುವ ನೆಂಟರು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಮದುವೆ, ಉಪನಯನ. ಜೂನ್ ಬಂದರೆ ಮಳೆ. ರೆಡ್ ಅಲರ್ಟ್ ಆದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಸುದ್ದಿ ರಾತ್ರಿ ವಾಟ್ಸಾಪ್‌ನಲ್ಲಿ ಬರುತ್ತದೆ, ಬೆಳಿಗ್ಗೆ ಅಮ್ಮನ ಇಡೀ ದಿನ ಅಡಿಮೇಲು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಾಗ ಅಂಕೋಲಾ ಕಡೆಯವರು ಎಷ್ಟೋ ದಿನ ಇತ್ತ ಬರುವ ಹಾಗೇ ಇರಲಿಲ್ಲ. ಅದು ಕಳೆದರೆ ಚೌತಿ. ಆಮೇಲೆ ದಸರಾ ರಜೆ. ದೀಪಾವಳಿ, ಘಟ್ಟದ ಮೇಲಿನವರಿಗೆ ಅದೇ ದೊಡ್ಡಹಬ್ಬ. ಅದರ ಬೆನ್ನಿಗೇ ಅಡಿಕೆ ಕೊಯ್ಲು. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆ, ಒಂಬತ್ತು ದಿನ, ಮನೆ ತುಂಬ ಜನ. ಗೋಕರ್ಣದ ಶಿವರಾತ್ರಿ. ಅಷ್ಟರಲ್ಲಿ ಮಕ್ಕಳ ಪರೀಕ್ಷೆ. ಪರೀಕ್ಷೆ ಮುಗಿದರೆ ಮತ್ತೆ ಎಪ್ರಿಲ್.

ಅಂದರೆ ‘ಆಮೇಲೆ’ ಅನ್ನುವ ತಿಂಗಳೇ ಇಲ್ಲ. ಮಕ್ಕಳಿಗೆ ರಜೆ ಇದ್ದಾಗ ತಾಯಿಗೆ ಕೆಲಸ ಜಾಸ್ತಿ, ಅದು ಎಲ್ಲರಿಗೂ ಗೊತ್ತು. ಹಾಗಾಗಿ ರಜೆಯಲ್ಲೂ ಮೊದಲಿನಷ್ಟೇ ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಾನು ಹೇಳುವುದು ಇಷ್ಟೇ: ನಿಲ್ಲಿಸಬೇಡಿ, ಚಿಕ್ಕದು ಮಾಡಿ.

ಈ ಮಾತಿಗೆ ಎಲ್ಲರೂ ತಲೆ ಆಡಿಸುತ್ತಾರೆ. ಆದರೆ ಚಿಕ್ಕದು ಮಾಡುವಾಗ ಹತ್ತರಲ್ಲಿ ಒಂಬತ್ತು ಜನ ತಪ್ಪು ಕಡೆ ಕತ್ತರಿ ಹಾಕುತ್ತಾರೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊಣಕಾಲು ಸವೆದವರಿಗೆ ನಾವು ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡಲು ಹೇಳುತ್ತೇವೆ. ಉದಾಹರಣೆಗೆ ಕುರ್ಚಿಯ ಮೇಲೆ ಕೂತು, ಕಾಲಿನ ಮಣಿಕಟ್ಟಿಗೆ ಎರಡು ಕೆಜಿಯ ಮರಳಿನ ಚೀಲ ಕಟ್ಟಿಕೊಂಡು ಕಾಲು ನೇರ ಮಾಡುವುದು. ಹತ್ತು ಸಲ, ಮೂರು ಸುತ್ತು, ವಾರಕ್ಕೆ ಮೂರು ದಿನ ಅಂತ ಇಟ್ಟುಕೊಳ್ಳಿ. ಇದರಲ್ಲಿ ಕಡಿಮೆ ಮಾಡಲು ಮೂರು ಜಾಗ ಇದೆ. ದಿನ, ಸುತ್ತು, ಭಾರ. ದಿನ ಕಡಿಮೆ ಮಾಡಿ. ಸುತ್ತೂ ಕಡಿಮೆ ಮಾಡಿ. ಭಾರ ಮಾತ್ರ ಇಳಿಸಬೇಡಿ. ವಾರಕ್ಕೆ ಒಂದೇ ದಿನ, ಒಂದೇ ಸುತ್ತು, ಹತ್ತೇ ಸಲ ಆದರೂ ಎರಡು ಕೆಜಿ ಎರಡು ಕೆಜಿಯೇ ಇರಲಿ. ಐದು ನಿಮಿಷದ ಕೆಲಸ.

ನಮ್ಮವರು ಮಾಡುವುದು ಉಲ್ಟಾ. ದಿನಾ ಮಾಡುತ್ತಾರೆ, ಧಾರಾವಾಹಿ ನೋಡುತ್ತಾ ಐವತ್ತು ಸಲ ಕಾಲು ಎತ್ತುತ್ತಾರೆ, ಚೀಲ ಮಾತ್ರ ಕಪಾಟಿನಲ್ಲಿ ಇರುತ್ತದೆ. “ಇಷ್ಟೆಲ್ಲ ಮಾಡಿದೆ ಮೇಡಂ, ಏನೂ ಆಗಲಿಲ್ಲ” ಅನ್ನುತ್ತಾರೆ. ಆಗುವುದಿಲ್ಲ. ಸ್ನಾಯುವಿಗೆ ಬಲ ಬರುವುದೂ, ಬಂದ ಬಲ ಉಳಿಯುವುದೂ ಭಾರದಿಂದ. ಭಾರ ಇಲ್ಲ ಅಂದರೆ ಇಷ್ಟು ಬಲ ಇಟ್ಟುಕೊಳ್ಳುವ ಅಗತ್ಯ ಇಲ್ಲ ಅಂತ ದೇಹ ತಾನೇ ತೀರ್ಮಾನಿಸಿಬಿಡುತ್ತದೆ.

ಇದು ನನ್ನ ಸ್ವಂತ ಲೆಕ್ಕ ಅಲ್ಲ. ಈ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಮರ್ಶೆ 2021ರಲ್ಲಿ ಬಂತು. ಗಳಿಸಿದ ಬಲವನ್ನು ವಾರಕ್ಕೆ ಒಂದೇ ದಿನ, ಒಂದೇ ಸುತ್ತಿನ ವ್ಯಾಯಾಮದಿಂದ 32 ವಾರದವರೆಗೂ ಉಳಿಸಿಕೊಳ್ಳಬಹುದು, ಆದರೆ ಭಾರ ಇಳಿಸಬಾರದು ಅಂತ ಅದು ಹೇಳುತ್ತದೆ. ವಯಸ್ಸಾದವರಿಗೆ ಸ್ನಾಯುವಿನ ಗಾತ್ರವೂ ಉಳಿಯಬೇಕು ಅಂದರೆ ವಾರಕ್ಕೆ ಎರಡು ದಿನ, ಎರಡು ಮೂರು ಸುತ್ತು ಬೇಕಾಗಬಹುದು. ಅಲ್ಲಿ ನೋಡಿದ್ದು ಆರೋಗ್ಯವಂತರನ್ನು, ನೋವಿರುವ ಮೊಣಕಾಲುಗಳನ್ನಲ್ಲ. ಹಾಗಾಗಿ ನಿಮಗೆ ಎಷ್ಟು ಅನ್ನುವುದನ್ನು ನಿಮ್ಮನ್ನು ನೋಡುವವರೇ ಹೇಳಬೇಕು. ಆದರೆ ನನ್ನ ಅನುಭವದಲ್ಲೂ ದಾರಿ ಅದೇ. ಗಳಿಸಲು ತುಂಬ ಬೇಕು, ಉಳಿಸಲು ಸ್ವಲ್ಪ ಸಾಕು. ಊರಿಗೆ ಹೋಗುವಾಗ ಮನೆಯ ಮೊಸರೆಲ್ಲ ಖಾಲಿ ಮಾಡಿದರೂ ಒಂದು ಚಮಚ ಹೆಪ್ಪಿಗೆ ಅಂತ ಇಡುತ್ತೇವಲ್ಲ, ಹಾಗೆ.

ಒಂದೆರಡು ವಾರ ಪೂರ್ತಿ ಬಿಟ್ಟುಹೋಯಿತು ಅಂತ ಹೆದರುವುದೂ ಬೇಡ. ನಡೆದಾಡಿಕೊಂಡು ಇರುವವರಲ್ಲಿ ಬಲ ಅಷ್ಟು ಬೇಗ ಇಳಿಯುವುದಿಲ್ಲ. ಇಳಿಯುವುದು ಆಮೇಲೆ. ಎಪ್ರಿಲ್ ಹತ್ತರಿಂದ ಜೂನ್ ಹದಿನೈದರವರೆಗೆ ಬಿಟ್ಟವರಿಗೆ ನಾನು ಬಹಳ ಸಲ ಒಂದು ಕೆಜಿಯಿಂದಲೇ ಶುರು ಮಾಡಿಸಬೇಕಾಗುತ್ತದೆ.

ನನ್ನ ಹತ್ತಿರ ಬರುವ ಒಬ್ಬ ಹೈಸ್ಕೂಲ್ ಟೀಚರ್ ಇದ್ದಾರೆ. ಎರಡು ಮಕ್ಕಳ ತಾಯಿ. ಭುಜದ ನೋವು. ಸರ್ಕಾರಿ ನೌಕರರ ಕ್ರೀಡಾಕೂಟದಲ್ಲಿ ಥ್ರೋಬಾಲ್ ಆಡಬೇಕು ಅನ್ನುವುದು ಅವರ ಆಸೆ. ಹಳದಿ ರಬ್ಬರ್ ಬ್ಯಾಂಡ್‌ನಿಂದ ಶುರು ಮಾಡಿ, ಕೆಂಪು ದಾಟಿ ಹಸಿರಿಗೆ ಬಂದಿದ್ದರು. ಹಳದಿ ಮೆತ್ತಗೆ, ಹಸಿರು ಗಟ್ಟಿ. ಬೇಸಿಗೆ ರಜೆಯಲ್ಲಿ ವಾರಕ್ಕೆ ಒಂದು ದಿನ ಹಸಿರು ಎಳೆಯಿರಿ ಅಂತ ಕಳಿಸಿದೆ. ಮನೆ ತುಂಬ ನೆಂಟರು, ಸುಮ್ನೆ ಯಾಕೆ ರಿಸ್ಕ್ ಅಂತ ಅವರು ಹಳದಿಗೆ ಇಳಿದರು. ದಿನಾ ಎಳೆದರು, ನೂರು ಸಲ. ಜೂನ್‌ನಲ್ಲಿ ಬಂದಾಗ ಹಸಿರು ಅರ್ಧಕ್ಕೇ ನಿಂತಿತು. ಕಣ್ಣಲ್ಲಿ ನೀರು ಬಂತು ಅವರಿಗೆ. ಶ್ರಮ ಪಟ್ಟಿದ್ದರಲ್ಲ, ಬೇಜಾರಾಗದೇ ಇರುತ್ತದಾ? ದಸರಾ ರಜೆಗೆ ಮತ್ತೆ ಕೂತು ಮಾತಾಡಿದೆವು. ಆ ಸಲ ಭಾನುವಾರ ಮಾತ್ರ, ಹಸಿರು ಮಾತ್ರ, ಹತ್ತು ಹತ್ತು ಸಲ. ಬೇರೆ ದಿನ ಬ್ಯಾಂಡ್ ಮುಟ್ಟಲಿಲ್ಲ. ರಜೆ ಮುಗಿಸಿ ಬಂದಾಗ ಬಲ ಹಾಗೇ ಇತ್ತು. ಆ ವರ್ಷ ಆಡಿದರು ಕೂಡ.

ಇನ್ನೊಂದು ಮಾತು ನಾನು ದಿನಾ ಕೇಳುತ್ತೇನೆ. “ಮನೆ ಕೆಲಸವೇ ಬೇಕಾದಷ್ಟು ಇದೆ, ಅದೇ ವ್ಯಾಯಾಮ ಅಲ್ವಾ?” ಮನೆ ಕೆಲಸ ಚಟುವಟಿಕೆ ಅಂತ ಖಂಡಿತ ಲೆಕ್ಕಕ್ಕೆ ಬರುತ್ತದೆ. ಅದರ ಪ್ರಮಾಣ ಎಷ್ಟು ಅನ್ನುವುದೂ ನನಗೆ ಗೊತ್ತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದೊಳಗಿನ, ಮನೆಗೆಲಸ ಮಾಡುವ ಮಹಿಳೆಯರು ಸಂಬಳ ಇಲ್ಲದ ಆ ಕೆಲಸಕ್ಕೆ ದಿನಕ್ಕೆ 305 ನಿಮಿಷ ಕೊಡುತ್ತಾರೆ. 2019ರಲ್ಲಿ ಅದು 315 ಇತ್ತು. ಐದು ವರ್ಷದಲ್ಲಿ ಉಳಿದದ್ದು 10 ನಿಮಿಷ. ಮಕ್ಕಳು, ಹಿರಿಯರ ಆರೈಕೆ ಇದರಲ್ಲಿ ಸೇರಿಲ್ಲ, ಅದು ಬೇರೆ. ಇಷ್ಟು ದುಡಿಯುವವರಿಗೆ ‘ನೀವು ಮೈ ಬಗ್ಗಿಸುವುದಿಲ್ಲ’ ಅಂತ ಯಾರಾದರೂ ಹೇಳಿದರೆ ನನಗೇ ಕೋಪ ಬರುತ್ತದೆ.

ಆದರೆ ಆ ಕೆಲಸ ನಿಮ್ಮ ಮೊಣಕಾಲಿಗೆ ಏನು ಮಾಡುತ್ತಿದೆ ಅಂತ ಹತ್ತಿರದಿಂದ ನೋಡಬೇಕು. ಪಾರ್ಶ್ವವಾಯು ಆದ ಹಿರಿಯರೊಬ್ಬರಿಗೆ ವ್ಯಾಯಾಮ ಮಾಡಿಸಲು ಹೊನ್ನಾವರದ ಹತ್ತಿರ ಒಂದು ಮನೆಗೆ ಹೋಗುತ್ತಿದ್ದೆ. ಮೇ ತಿಂಗಳು. ಅಂಗಳದಲ್ಲಿ ಅವರ ಸೊಸೆ ಹಪ್ಪಳ ಒತ್ತುತ್ತಾ ಕೂತಿದ್ದರು. ಆಕೆಯೂ ನನ್ನ ಪೇಷಂಟೇ, ಎಪ್ರಿಲ್‌ನಲ್ಲಿ ‘ರಜೆ ಮುಗೀಲಿ’ ಅಂದವರು. ಬಲಗಾಲು ಮಡಚಿ, ಎಡಗಾಲು ನಿಲ್ಲಿಸಿ ಕೂತಿದ್ದಾರೆ. ಬೇಯಿಸಿ ರುಬ್ಬಿದ ಹಲಸಿನ ಹಿಟ್ಟಿನ ಉಂಡೆ ತೆಗೆದು, ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತುತ್ತಾರೆ. ಹಾಳೆ ಬಿಡಿಸಿ ಪಕ್ಕಕ್ಕೆ ಇಡುತ್ತಾರೆ. ಆರೆಂಟು ಆದ ಮೇಲೆ ಚಾಪೆಗೆ ಹಾಕಲು ಏಳಬೇಕು. ಏಳುವಾಗ ಬಲಗೈ ನೆಲಕ್ಕೆ ಊರುತ್ತಾರೆ, ಸೊಂಟ ಮೊದಲು ಮೇಲೆ ಬರುತ್ತದೆ, ಇಡೀ ಮೈ ಎಡಗಾಲಿನ ಮೇಲೆ ಬೀಳುತ್ತದೆ. ಬಲಗಾಲು ಸುಮ್ಮನೆ ಹಿಂದೆ ಬರುತ್ತದೆ, ಕೆಲಸವನ್ನೇ ಮಾಡುವುದಿಲ್ಲ. ನೋವಿರುವುದು ಆ ಕಾಲಿನಲ್ಲೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಹೀಗೆ ಎದ್ದು ಕೂತರೂ ಬಲಗಾಲಿಗೆ ವ್ಯಾಯಾಮ ಸಿಗಲಿಲ್ಲ. ಎಡಗಾಲಿಗೆ ಮತ್ತು ಸೊಂಟಕ್ಕೆ ದುಪ್ಪಟ್ಟು ಹೊರೆ ಬಿತ್ತು. ದೇಹ ನೋವಿರುವ ಜಾಗವನ್ನು ತಪ್ಪಿಸಿಯೇ ಕೆಲಸ ಮಾಡುತ್ತದೆ. ಅದಕ್ಕೇ ಬೇರೆ ವ್ಯಾಯಾಮ ಬೇಕು ಅನ್ನುವುದು.

ಅವತ್ತು ಅಲ್ಲೇ ಒಂದು ಬದಲಾವಣೆ ಮಾಡಿದೆವು. ಮಣೆ ಊಟದ ಟೇಬಲ್ ಮೇಲೆ ಹೋಯಿತು. ಚಾಪೆಗೆ ಹಾಕುವ ಕೆಲಸ ಬೆಂಗಳೂರಿನಿಂದ ಬಂದ ಮಕ್ಕಳಿಗೆ ಹೋಯಿತು, ಅವು ಖುಷಿಯಿಂದ ಓಡಾಡಿದವು. ಊಟದ ಮೊದಲು ಹತ್ತು ಸಲ, ಎದೆಗೆ ಕೈ ಕಟ್ಟಿ ಕುರ್ಚಿಯಿಂದ ಏಳುವುದು, ಎರಡೂ ಕಾಲಿಗೆ ಸಮ ಭಾರ ಕೊಟ್ಟು. ಅತ್ತೆ ಮಂಚದ ಮೇಲಿಂದಲೇ ಎಣಿಸುತ್ತಿದ್ದರು. ಮಾತು ಇನ್ನೂ ಪೂರ್ತಿ ಬಾರದ ಅವರಿಗೆ ಅದೂ ಒಂದು ಅಭ್ಯಾಸ ಆಯಿತು.

ಸಮಯದ ಬಗ್ಗೆ ಒಂದು ಒಳ್ಳೆಯ ಸುದ್ದಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಅನ್ನುತ್ತದೆ. ಮೊದಲು ಒಂದೊಂದು ಸಲವೂ ಕನಿಷ್ಠ 10 ನಿಮಿಷ ಇರಬೇಕು ಅಂತ ಇತ್ತು. 2020ರಲ್ಲಿ ಆ ಷರತ್ತನ್ನು ತೆಗೆದುಹಾಕಿದರು. ಕುಕ್ಕರ್ ಕೂಗುವಷ್ಟು ಹೊತ್ತಿನಲ್ಲಿ ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ. ಪೂರ್ತಿ ಒಂದು ಗಂಟೆ ಸಿಕ್ಕರೆ ಮಾತ್ರ ಮಾಡುತ್ತೇನೆ ಅಂತ ಕಾಯುವವರು ಇದನ್ನು ದಯವಿಟ್ಟು ನೆನಪಿಡಿ.

ಮೊದಲ ದಿನ ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಒಂದಿದೆ. ಈ ನೋವು ಕಡಿಮೆಯಾದರೆ ಏನು ಮಾಡಬೇಕು ಅಂತಿದೆ? ಗಂಡಸರು ಕೂಡಲೇ ಹೇಳುತ್ತಾರೆ. ಬೈಕ್ ಓಡಿಸಬೇಕು, ವಾಲಿಬಾಲ್ ಆಡಬೇಕು. ತಾಯಂದಿರು ಹೇಳುವುದು ಬೇರೆ. ಮಗಳ ಮದುವೆಯಲ್ಲಿ ಓಡಾಡುವ ಹಾಗಾದರೆ ಸಾಕು. ಮಾವನವರ ವರ್ಷಾಂತಕ್ಕೆ ಕೆಲಸ ಮಾಡುವ ಹಾಗಾದರೆ ಸಾಕು. ಅದನ್ನೂ ಬರೆದುಕೊಳ್ಳುತ್ತೇನೆ. ಆದರೆ ಇಂಥ ಗುರಿಗೆ ಒಂದು ತೊಂದರೆ ಇದೆ. ಮದುವೆ ಮುಗಿದ ಮರುದಿನ ವ್ಯಾಯಾಮವೂ ಮುಗಿಯುತ್ತದೆ. ಅದಕ್ಕೆ ಮತ್ತೆ ಕೇಳುತ್ತೇನೆ, “ಅದು ಮನೆಯವರಿಗಾಯ್ತು ಅಕ್ಕ. ನಿಮಗೆ?” ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಂದೊಂದೇ ಹೊರಗೆ ಬರುತ್ತದೆ. ಸ್ಕೂಟಿ ಕಲಿಯಬೇಕು. ಯಾಣದ ಬಂಡೆಯವರೆಗೆ ಹತ್ತಬೇಕು. ಓಂ ಬೀಚಿಗೆ ಇಳಿದು, ಯಾರ ಕೈಯೂ ಹಿಡಿಯದೆ ಮೇಲೆ ಬರಬೇಕು. ಒಬ್ಬರು, “ಪಂಕ್ತಿಯಲ್ಲಿ ಎಲ್ಲರ ಜೊತೆ ಕೆಳಗೆ ಕೂತು ಊಟ ಮಾಡ್ಬೇಕು, ಕುರ್ಚಿ ಹುಡುಕೋದು ಸಾಕಾಗಿದೆ” ಅಂದರು. ಈ ಮಾತುಗಳನ್ನು ಫೈಲಿನ ಮೊದಲ ಪುಟದಲ್ಲೇ ಬರೆಯುತ್ತೇನೆ. ಇಂಥ ಗುರಿ ಇರುವವರು ಬೇಗ ಬಿಡುವುದಿಲ್ಲ, ಇದು ನಾನು ಕಂಡ ವಿಷಯ.

ಓದು, ಸಂಗೀತ, ಹೊಲಿಗೆ ಇವಕ್ಕೂ ಇದೇ ಲೆಕ್ಕ ಹೊಂದುತ್ತದಾ ಅಂತ ಕೆಲವರು ಕೇಳುತ್ತಾರೆ. ಸ್ನಾಯುವಿನ ಬಗ್ಗೆ ಹೇಳಿದಷ್ಟು ಧೈರ್ಯದಿಂದ ನಾನು ಹೇಳಲಾರೆ. ಆದರೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂಎ ಕಟ್ಟಿದ ಒಬ್ಬರು ರಜೆಯಲ್ಲಿ ವಾರಕ್ಕೆ ಒಂದೇ ಪ್ರಶ್ನೆಗೆ ಉತ್ತರ ಬರೆಯುತ್ತಾರೆ, ಪರೀಕ್ಷೆಯಷ್ಟೇ ಉದ್ದಕ್ಕೆ. ಸುಮ್ನೆ ಪುಟ ತಿರುವುವುದಕ್ಕಿಂತ ಅದೇ ವಾಸಿ ಅನ್ನುತ್ತಾರೆ. ನನಗೂ ಹಾಗೇ ಅನಿಸುತ್ತದೆ.

ಈ ಅಂಕಣ ಓದಿ ಎಲ್ಲರೂ ವ್ಯಾಯಾಮ ಕಡಿಮೆ ಮಾಡಬಾರದು. ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಿ ಮೊಣಕಾಲು ಬದಲಿಸಿಕೊಂಡು ಬಂದವರು ಮೊದಲ ವಾರಗಳಲ್ಲಿ ಒಂದು ದಿನವೂ ತಪ್ಪಿಸುವಂತಿಲ್ಲ. ಆಗ ಮಡಚಲು ಬಾರದಿದ್ದರೆ ಮುಂದೆ ಬಹಳ ಕಷ್ಟ. ಭುಜ ಜಡ್ಡುಗಟ್ಟಿದವರಿಗೂ ಈ ರಿಯಾಯಿತಿ ಇಲ್ಲ. ನಲವತ್ತು ದಾಟಿದ ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಬಲದ ವ್ಯಾಯಾಮ ವಾರಕ್ಕೊಮ್ಮೆ ಆದರೂ ನಡೆಯುತ್ತದೆ, ಬಿಗಿದ ಕೀಲು ಬಿಡಿಸುವ ವ್ಯಾಯಾಮ ದಿನಾ ಸ್ವಲ್ಪ ಸ್ವಲ್ಪ ಬೇಕು. ಕಾಲು ಊದಿಕೊಂಡರೆ, ಜೋಮು ಹಿಡಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವಿದ್ದರೆ ರಜೆ ಗಿಜೆ ನೋಡದೆ ಡಾಕ್ಟರಿಗೆ ತೋರಿಸಿ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಕೇಳದೆ ಭಾರ ಎತ್ತಬೇಡಿ.

ಮನೆಯವರಿಗೂ ಒಂದು ಮಾತು. ಪೇಷಂಟ್ ಜೊತೆ ಬಂದು ಹೊರಗೆ ಬೆಂಚಿನ ಮೇಲೆ ಫೋನ್ ನೋಡುತ್ತಾ ಕೂರುವ ಗಂಡಂದಿರು ಐದು ನಿಮಿಷ ಒಳಗೆ ಬನ್ನಿ. ಯಾವ ವ್ಯಾಯಾಮ, ಎಷ್ಟು ಭಾರ ಅಂತ ನೋಡಿಕೊಳ್ಳಿ. ಭಾನುವಾರ ಬೆಳಿಗ್ಗೆ ಆ ಐದು ನಿಮಿಷ ದೋಸೆ ಕಾವಲಿಯ ಮುಂದೆ ನೀವು ನಿಂತರೆ ಆಯ್ತು.

ಮಕ್ಕಳ ಪರೀಕ್ಷೆ ಮುಗಿಯುವ ವಾರದಲ್ಲಿ, ನೆಂಟರು ಬರುವ ಮೊದಲು, ಒಮ್ಮೆ ನಿಮ್ಮ ಫಿಸಿಯೋ ಹತ್ತಿರ ಹೋಗಿ ಬನ್ನಿ. ಹೋದವರು ಮೂರು ಪ್ರಶ್ನೆ ಕೇಳಿ. ನನ್ನ ವ್ಯಾಯಾಮದಲ್ಲಿ ಯಾವುದನ್ನು ಬಿಡಬಹುದು? ಯಾವುದನ್ನು ಬಿಡಲೇಬಾರದು? ಅದಕ್ಕೆ ಎಷ್ಟು ಭಾರ? ಉತ್ತರವನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಫ್ರಿಜ್ ಮೇಲೆ ಅಂಟಿಸಿ. ಮರಳಿನ ಚೀಲವನ್ನು ಮಾತ್ರ ಕಪಾಟಿನ ಒಳಗೆ ಇಡಬೇಡಿ, ನೀವು ದಿನಾ ಕೂರುವ ಕುರ್ಚಿಯ ಕೆಳಗೇ ಇರಲಿ.