ಮಿಸ್ಸು ಮೊಮ್ಮಗಳು, ಸ್ಟೂಡೆಂಟು ಅಜ್ಜಿ

ಮೊಣಕಾಲು ನೋವು ಅಂತ ದಾವಣಗೆರೆಯ ನಮ್ಮ ಫಿಸಿಯೊಥೆರಪಿ ಕ್ಲಿನಿಕ್‌ಗೆ ಬರುವ ಅಜ್ಜ-ಅಜ್ಜಿಯರಿಗೆ ವ್ಯಾಯಾಮ ಬರೆದುಕೊಡುತ್ತೇನೆ. ಚೀಟಿ ಫ್ರಿಜ್ ಮೇಲೇ ಉಳಿಯುತ್ತದೆ. ಕುಂದವಾಡ ಕೆರೆ ಕಡೆ ನಡೆದು ಬರ್ರಿ ಅಂದರೆ, ‘ಮೊಮ್ಮಗೂನ ನೋಡ್ಕೊಳ್ಳೋರು ಯಾರ್ರೀ?’ ಅಂತಾರೆ. ಹಾಗಾಗಿ ಈಗ ಮೊಮ್ಮಗುವಿನ ವಯಸ್ಸನ್ನೂ ಕೇಳಿಬಿಡುತ್ತೇನೆ.

9ರಿಂದ 12 ತಿಂಗಳ ಕೂಸು ಎದ್ದು ನಿಲ್ಲುವುದನ್ನು ಸುಮ್ನೆ ಕೂತು ನೋಡಿ. ಅಂಬೆಗಾಲಲ್ಲಿ ಮಂಚದ ಹತ್ತಿರ ಬರುತ್ತದೆ. ಮಂಚ ಹಿಡಿದು ಮಂಡಿ ಊರುತ್ತದೆ. ಒಂದು ಪಾದ ಮುಂದಿಟ್ಟು, ಅದರ ಮೇಲೆ ಭಾರ ಹಾಕಿ ಎದ್ದೇಬಿಡುತ್ತದೆ. ನೆಲದಿಂದ ಏಳಲು ಹಿರಿಯರಿಗೆ ನಾವು ಹೇಳಿಕೊಡುವುದೂ ಇದನ್ನೇ. ಆದರೆ ಬಹಳ ಜನ ಕಾಲು ಚಾಚಿ ಕೂತಲ್ಲಿಂದ ಯಾರದೋ ಕೈ ಹಿಡಿದು ನೇರ ಏಳಲು ನೋಡುತ್ತಾರೆ. ಪಕ್ಕಕ್ಕೆ ತಿರುಗಿ ಅಂಬೆಗಾಲಿಗೆ ಬನ್ನಿ ಅಂದರೆ ನಾಚಿಕೆ! ಮೊಮ್ಮಗನನ್ನು ನಗಿಸಲು ಆನೆಯಾಗುವಾಗ ಆ ನಾಚಿಕೆ ಇರಲ್ಲ, ಅಲ್ವಾ? ಮಂಡಿ ಕೆಳಗೆ ಮಡಚಿದ ಕೌದಿ ಇಟ್ಟುಕೊಂಡರೆ ಆಯ್ತು.

ಮೂರು-ನಾಲ್ಕು ವರ್ಷದ ಮಗುವಾದರೆ ಟೀಚರ್ ಆಟ ಆಡಿ. ಅದೇ ಮಿಸ್ಸು, ನೀವು ಸ್ಟೂಡೆಂಟು. ‘ಸ್ಟ್ಯಾಂಡಪ್, ಸಿಡ್ಡೌನ್’ ಅಂದಾಗಲೆಲ್ಲ ಕುರ್ಚಿಯಿಂದ ಎದ್ದು ಕೂರಿ. ತೊಡೆಯ ಸ್ನಾಯುವಿಗೆ ಒಳ್ಳೆಯ ವ್ಯಾಯಾಮ. ನಾನು ಹೇಳಿದರೆ ಐದಕ್ಕೇ ಸುಸ್ತಾಗುವವರು ಈ ಮಿಸ್ಸಿಗೆ ಎದುರಾಡುವುದಿಲ್ಲ. ನನ್ನ ಬಳಿ ಬರುವ ಒಬ್ಬ ಅಜ್ಜಿಗೆ ಮೊಮ್ಮಗಳು ಒಂಟಿ ಕಾಲಲ್ಲಿ ನಿಲ್ಲುವ ಪನಿಶ್‌ಮೆಂಟ್ ಕೊಡುತ್ತಾಳಂತೆ. ಅಡುಗೆಮನೆ ಕಟ್ಟೆ ಹಿಡಿದು, ಸೆರಗಲ್ಲಿ ನಗು ಮುಚ್ಚಿಕೊಂಡು ನಿಲ್ಲುತ್ತಾರೆ. ಚೀಟಿಯಲ್ಲಿ ನಾನು ಬರೆದದ್ದೂ ಅದೇ! 65 ದಾಟಿದವರು ವಾರಕ್ಕೆ 3 ದಿನವಾದರೂ ಬ್ಯಾಲೆನ್ಸ್ ಮತ್ತು ಬಲದ ಚಟುವಟಿಕೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಈ ಮಿಸ್ಸು ಭಾನುವಾರವೂ ರಜೆ ಕೊಡಲ್ಲ.

ಬೇಕಂತಲೇ ತಪ್ಪು ಮಾಡಿ. ಅಜ್ಜಿಗೆ ತಿಳೀಲಿಲ್ಲ ಅಂದರೆ ಮಗು ಅದನ್ನೇ ಬೇರೆ ಮಾತಲ್ಲಿ ಹೇಳಬೇಕಾಗುತ್ತದೆ. ಮಾತು ಬೆಳೆಯುವುದೇ ಹಾಗೆ. ಮೊಬೈಲಿಗೆ ಏನನ್ನೂ ವಿವರಿಸಿ ಹೇಳುವ ಕಷ್ಟವಿಲ್ಲ, ಅದಕ್ಕೇ ಅದು ಒಳ್ಳೆಯ ಶಿಷ್ಯ ಅಲ್ಲ.

ಮಂಡಿಕೀಲು ಬದಲಿಸಿಕೊಂಡವರು ಮಂಡಿ ಊರುವ ಮೊದಲು ನಿಮ್ಮ ಸರ್ಜನ್‌ನ ಕೇಳಿ. ಬಿಪಿ ಮಾತ್ರೆ ನುಂಗುವವರು ದಿಢೀರ್ ಅಂತ ಏಳಬೇಡಿ, ತಲೆ ಸುತ್ತಬಹುದು. ನುಣುಪು ಟೈಲ್ಸ್ ಮೇಲೆ ಸಾಕ್ಸ್ ಹಾಕಿ ಓಡಾಡಬೇಡಿ. ಇನ್ನು, ಬಗ್ಗಿ ಮಗು ಎತ್ತುವ ಅಭ್ಯಾಸ ಬಿಡಿ. ನೀವು ಕುರ್ಚಿಯಲ್ಲಿ ಕೂರಿ, ತೊಡೆ ಅದೇ ಹತ್ತಲಿ. ಎತ್ತಿಸಿಕೊಳ್ಳುವುದಕ್ಕಿಂತ ಹತ್ತುವುದೇ ಅದಕ್ಕೆ ಜಾಸ್ತಿ ಇಷ್ಟ.